ಅಂಟುಚೀಟಿಗಳ ಪಟ್ಟಾಭಿಷೇಕ

ಫೆಬ್ರವರಿ 3, 1992, ಸೋಮವಾರ

ಇನ್ನೂ ಹುಟ್ಟದ ಮಹಾ ಇತಿಹಾಸಕಾರರೇ, ಮುಂದಿನ ಶತಮಾನದ ವಸ್ತುಸಂಗ್ರಹಾಲಯಗಳ ಘನತೆವೆತ್ತ ಪಾಲಕರೇ, ಈ ಪುಸ್ತಕವನ್ನು ಎಲ್ಲರಿಗಿಂತ ಮೊದಲು ತೆರೆದು ರುಚಿ ನೋಡಲಿರುವ ಪೂಜ್ಯ ಗೆದ್ದಲುಗಳೇ, ಕೈಮುಗಿದು ಅರಿಕೆ ಮಾಡಿಕೊಳ್ಳುತ್ತೇನೆ. ಡುಲುತ್ ನಗರದ ಸರೋವರತೀರ ಕಲಾವಿದರ ಕೂಟದ ಕಚೇರಿಯಲ್ಲಿ, ಬಾಯ್ಲರಿನ ಪಕ್ಕದ ಕೋಣೆಯಲ್ಲಿ, ಸೈಮಾ ರೌಟಿಯೊ ಎಂಬ ನಾನು ಇಂದು ಅಂಟುಚೀಟಿಗಳ ಮಹಾಮಂತ್ರಿಣಿಯಾಗಿ ಅಧಿಕಾರ ಸ್ವೀಕರಿಸಿದೆ. ಪ್ರಮಾಣವಚನ ಬೋಧಿಸಿದವರು ಕೂಟದ ಅಧ್ಯಕ್ಷರಾದ ಕ್ಲಾರೆನ್ಸ್ ಬೋದ್ರಿ. ವಚನ ಎರಡೇ ಸಾಲಿನದು: ಕಂಪ್ಯೂಟರಿನ ಹತ್ತಿರ ಕಾಫಿ ಇಡಕೂಡದು, ಅರ್ಧ ಬಳಸಿದ ಚೀಟಿಹಾಳೆಯನ್ನು ಎಸೆಯಕೂಡದು.

ನನ್ನ ರಾಜ್ಯಭಾರ ಹೀಗಿದೆ. ಕೂಟದ ಸದಸ್ಯರೆಲ್ಲ ತಮ್ಮ ಚಿತ್ರಗಳ ಫೋಟೊ ಹೊಡೆಸಿ, ತಲೆಗೆ ಹತ್ತರಂತೆ ಸ್ಲೈಡು ತಂದುಕೊಡುತ್ತಾರೆ. ರಟ್ಟಿನ ಪುಟ್ಟ ಚೌಕಟ್ಟು, ನಡುವೆ ಫಿಲ್ಮಿನ ತುಣುಕು. ಗೋಡೆಯಷ್ಟು ದೊಡ್ಡ ಚಿತ್ರವೂ ಅದರಲ್ಲಿ ಅಂಚೆಚೀಟಿಯಷ್ಟೇ. ರಟ್ಟಿನ ಮೇಲೆ ಒಬ್ಬೊಬ್ಬರು ಒಂದೊಂದು ಲಿಪಿಯಲ್ಲಿ ಹೆಸರು ಗೀಚಿರುತ್ತಾರೆ. ಕಳೆದ ವರ್ಷ ಒಬ್ಬ ಸದಸ್ಯೆಯ ಹೆಸರನ್ನು ತೀರ್ಪುಗಾರರು ಕೆಮ್ಮಿನ ಔಷಧಿಯೆಂದು ಓದಿದರಂತೆ. ಆದ್ದರಿಂದ ಈ ಸಲ ಎಲ್ಲ ಕಂಪ್ಯೂಟರಿನ ಅಕ್ಷರದಲ್ಲಿ. ಚಿತ್ರಕಾರರ ಹೆಸರು, ಚಿತ್ರದ ಹೆಸರು, ಬಣ್ಣದ ಬಗೆ, ಮೊದಲು ಎತ್ತರ ಆಮೇಲೆ ಅಗಲ, ವರ್ಷ, ಯಾವುದು ಮೇಲ್ಭಾಗವೆಂದು ತೋರಿಸುವ ಬಾಣ, ಇಷ್ಟನ್ನೂ ಉಗುರಗಲದ ಚೀಟಿಗಳಲ್ಲಿ ಅಚ್ಚು ಹಾಕಿ, ಆ ಗೀಚಿದ ಬರಹದ ಮೇಲೆಯೇ ಅಂಟಿಸಬೇಕು.

ಹೊಸ ಗ್ರಂಥಾಲಯದ ಮುಂಬಾಗಿಲ ಗೋಡೆಗೆ ಈ ಸಲ ಕೂಟದಿಂದ ಒಂದೇ ಒಂದು ಚಿತ್ರ ಆರಿಸುತ್ತಾರೆ. ಆರಿಸಲು ಮಿನಿಯಾಪೊಲಿಸ್ಸಿನಿಂದ ತೀರ್ಪುಗಾರ್ತಿ ಬರುತ್ತಾಳೆ.

ಲೆಂಪಿ ಅತ್ತೆಯ ಸ್ಲೈಡುಗಳೂ ಪೆಟ್ಟಿಗೆಯಲ್ಲಿವೆ. ಅಪ್ಪ ಅಮ್ಮ ಚಳಿಗೆ ಹೆದರಿ ಅರಿಜೋನಾಕ್ಕೆ ಓಡಿಹೋದ ಮೇಲೆ ಕಾಲೇಜು ಓದುತ್ತ ನಾನಿರುವುದು ಅಪ್ಪನ ಅಕ್ಕನಾದ ಈ ಅತ್ತೆಯ ಮನೆಯಲ್ಲಿ. ಟೆಲಿಫೋನ್ ಕಚೇರಿಯಲ್ಲಿ ಊರಿಗೆಲ್ಲ ಊರನ್ನು ಜೋಡಿಸಿ ನಿವೃತ್ತಳಾದವಳು. ಚಿತ್ರ ಬರೆಯುವುದು ಸರೋವರದ ಮಂಜುಗಡ್ಡೆಯದು ಮಾತ್ರ. ವರ್ಷವರ್ಷವೂ ಕೂಟಕ್ಕೆ ಕಳಿಸುತ್ತಾಳೆ, ವರ್ಷವರ್ಷವೂ ಅವರು ಬೇಡವೆನ್ನುತ್ತಾರೆ. ಹೋದ ಅಕ್ಟೋಬರಿನಲ್ಲಿ ಅವಳ ಜೊತೆ ಕೂತು ಚಿತ್ರ ಬರೆಯುತ್ತಿದ್ದ ಗೆಳತಿ ಎಲ್ಮಾ ತೀರಿಕೊಂಡಳು. ಅಂದಿನಿಂದ, ಅವರಿಬ್ಬರೂ ಕೂತು ಬರೆಯುತ್ತಿದ್ದ ಗ್ಯಾರೇಜಿನ ಒಲೆ ಹೊತ್ತಿಲ್ಲ. ಅತ್ತೆ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಕೂತಿರುತ್ತಾಳೆ. ಕಿಟಕಿಯಲ್ಲಿ ಕಾಣುವುದು ಪಕ್ಕದ ಮನೆಯ ಕಸದ ಡಬ್ಬಿ. ಈ ವರ್ಷ ಅವಳು ಕಳಿಸುವ ಲಕ್ಷಣವೇ ಕಾಣಲಿಲ್ಲ, ಹಳೆಯ ಸ್ಲೈಡುಗಳನ್ನು ನಾನೇ ಮೇಜಿನ ಖಾನೆಯಿಂದ ತೆಗೆದು ಕೇಳಿದೆ.

"ಕಳಿಸು," ಅಂದಳು. "ಬೇಡ ಅನ್ನೋ ಅಭ್ಯಾಸ ಅವರಿಗಾದ್ರೂ ತಪ್ಪದೆ ಇರ್ಲಿ."

ಫೆಬ್ರವರಿ 11, ಮಂಗಳವಾರ

ಪಟ್ಟಾಭಿಷೇಕ ಮಹೋತ್ಸವ ನಿರ್ವಿಘ್ನವಾಗಿ ನೆರವೇರಿತು.

ಸ್ಲೈಡುಗಳನ್ನು ಮನೆತನದ ಹೆಸರಿನ ಅಕಾರಾದಿಯಾಗಿ ಸಾಲು ನಿಲ್ಲಿಸಿದೆ. ಹಾಳೆಯಿಂದ ಚೀಟಿ ಬಿಡಿಸಿ, ಬೋದ್ರಿಯವರ ದನಿಯಲ್ಲಿ ಕೆಮ್ಮಿ, "ಸರೋವರಾಧೀಶ್ವರ, ಜಲವರ್ಣಚಕ್ರವರ್ತಿ, ಬಹುಪರಾಕ್" ಎಂದು ಕೂಗಿ, ಒಂದೊಂದರ ನೆತ್ತಿಗೂ ಒತ್ತಿದೆ. ಬಿರುದು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯಿತು. ರೋಸ್ಕೊ ಎಂಬಾತನ ನಾಯಿಯ ಚಿತ್ರಗಳಿಗೆ ಕೊಟ್ಟ ಬಿರುದನ್ನು ಇತಿಹಾಸಕಾರರ ಗೌರವಕ್ಕಾಗಿ ಇಲ್ಲಿ ಬರೆಯುವುದಿಲ್ಲ.

ಒಂದು ಹಾಳೆಯ ಕೊನೆಯಲ್ಲಿ ಮಾತ್ರ ಒಂದು ಸ್ಲೈಡು ಕಿರೀಟವಿಲ್ಲದೆ ಉಳಿಯಿತು. ಯಂತ್ರ ಒಂದು ಚೀಟಿಯನ್ನು ನುಂಗಿರಬೇಕು. ಹಸಿದಿತ್ತೇನೋ. ಆ ಅನಾಥನಿಗೆ ಬೇರೆ ಚೀಟಿ ಅಚ್ಚು ಹಾಕಿ ಅಂಟಿಸಿದೆ, ಮುಂದಿನ ಹಾಳೆಗೆ ಹೋದೆ.

ಅತ್ತೆ ಇವತ್ತು ಬೆಳಗಿನ ಗಂಜಿಯನ್ನು ರಾತ್ರಿಗೂ ಮುಟ್ಟಿರಲಿಲ್ಲ.

ಫೆಬ್ರವರಿ 29, ಶನಿವಾರ

ಈ ದಿನ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಇವತ್ತು ನಡೆದದ್ದು ಅದಕ್ಕಿಂತಲೂ ಅಪರೂಪ.

ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದೆವು. ಪ್ರೊಜೆಕ್ಟರಿನ ಹಿಂದೆ ನಾನು, ಮುಂದೆ ತೀರ್ಪುಗಾರ್ತಿ, ಬಾಗಿಲ ಬಳಿ ಬೋದ್ರಿ. ಸದಸ್ಯರಿಗೆ ಒಳಗೆ ಪ್ರವೇಶವಿಲ್ಲ, ಹೆಸರು ಹೇಳುವಂತಿಲ್ಲ. ಅವಳು "ಮುಂದೆ" ಅನ್ನುತ್ತಾಳೆ, ನಾನು ಗುಂಡಿ ಒತ್ತುತ್ತೇನೆ, ಯಂತ್ರ ಕಟಕ್ ಅನ್ನುತ್ತದೆ, ಯಾರದೋ ಒಂದು ವರ್ಷದ ದುಡಿಮೆ ಬಂದು ಹೋಗುತ್ತದೆ. ಹಿಮ, ಮುಂದೆ. ದೋಣಿ, ಮುಂದೆ. ಹಿಮದಲ್ಲಿ ದೋಣಿ, ಮುಂದೆ. ಈ ಊರಿನವರೆಲ್ಲ ಬರೆಯುವುದು ಇಷ್ಟನ್ನೇ.

ಒಂದು ಬಿಳಿಯ ಚಿತ್ರಕ್ಕೆ ಅವಳು "ಮುಂದೆ" ಅನ್ನಲಿಲ್ಲ. ನನ್ನ ಬೆರಳು ಗುಂಡಿಯ ಮೇಲೇ ಮರಗಟ್ಟಿತು. ಕೊನೆಗೆ, "ಇದು," ಎಂದಳು. ಸ್ಲೈಡನ್ನು ಹೊರಗೆಳೆದೆ, ಬಿಸಿಯಾಗಿತ್ತು. ಬೋದ್ರಿ ಅದನ್ನು ದೀಪದಡಿ ಹಿಡಿದು ಚೀಟಿ ಓದಿದರು: ಲೆಂಪಿ ರೌಟಿಯೊ, "ಮಂಜುಗಡ್ಡೆ, ಬೆಳಗ್ಗೆ".

ನನಗಂತೂ ಅದು ಅತ್ತೆಯದೆಂದು ಕಂಡ ಕೂಡಲೇ ಗೊತ್ತಾಗಿತ್ತು. ಆ ಬಿಳಿ ಬೇರೆ ಯಾರ ಕೈಯಲ್ಲಿ ಬರುತ್ತದೆ.

ಅತ್ತೆಗೆ ಹೇಳಿದಾಗ ಅವಳು ಆಲೂಗಡ್ಡೆ ಹೆರೆಯುತ್ತಿದ್ದಳು. "ಸರಿಯಾಗಿ ಓದಿದ್ರಾ?" ಎಂದು ಕೇಳಿದಳು. ಕಂಪ್ಯೂಟರಿನ ಅಕ್ಷರ, ಕುರುಡನೂ ಓದಬಹುದು ಎಂದೆ. ಅವಳು ಮತ್ತೆ ಹೆರೆಯತೊಡಗಿದಳು. ಚೀಲದಲ್ಲಿದ್ದ ಆಲೂಗಡ್ಡೆಯೆಲ್ಲ ಮುಗಿಯುವವರೆಗೆ ಹೆರೆದಳು. ಇನ್ನು ಈ ವಾರವಿಡೀ ನಮಗೆ ಆಲೂಗಡ್ಡೆ ಸಾರೇ ಗತಿ.

ಮಾರ್ಚ್ 4, ಬುಧವಾರ

ಗ್ಯಾರೇಜಿನ ಚಿಮಣಿಯಲ್ಲಿ ಹೊಗೆ.

ಹೊಗೆಗೆ ನಾಚಿಕೆಯಾಗಿ ನಿಂತುಬಿಟ್ಟೀತು ಎಂದು ಅತ್ತ ನೋಡದೆ ನಡೆದೆ.

ತೀರ್ಪುಗಾರ್ತಿಯ ಅಭಿಪ್ರಾಯ ಟೈಪಾಗಿ ಬಂದಿದೆ: "ಬಿಳಿಯ ಮುಂದೆ ಇಷ್ಟು ತಾಳ್ಮೆಯಿಂದ ಕೂರುವ ಕೈ ಅಪರೂಪ." ಅತ್ತೆ ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದಾಳೆ. ಹಾಲು ತೆಗೆಯಲು ಬಂದವಳು ಹಾಲು ಮರೆತು ಓದುತ್ತಾಳೆ. ಉದ್ಘಾಟನೆಗೆಂದು ಸಾಸಿವೆ ಬಣ್ಣದ ಹೊಸ ಕೋಟು ತಂದಿದ್ದಾಳೆ. ಮೂರು ಹೊಸ ಕ್ಯಾನ್ವಾಸು ಚೌಕಟ್ಟಿಗೆ ಹೊಡೆಸಿದ್ದಾಳೆ. ನಾಲಿಗೆಯೂ ಮರಳಿ ಬಂದಿದೆ. ಊಟದ ಹೊತ್ತಿನಲ್ಲಿ ಕೂಟದ ಇತರ ಹಿಮಚಿತ್ರಕಾರರನ್ನು ಒಬ್ಬೊಬ್ಬರನ್ನಾಗಿ ಹುರಿದು ಹಾಕಿದಳು. ನಮ್ಮ ಹಲ್ಲಿನ ವೈದ್ಯ ಡಾಕ್ಟರ್ ರಾಮ್‌ಸ್ಟಾಡ್ ಕೂಡ ರಜೆಯ ದಿನ ಹಿಮ ಬರೆಯುವವರು.

"ಆ ಮನುಷ್ಯ ಹಿಮ ಬರೆದ್ರೆ ಈಗ ತಾನೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಹಾಗಿರುತ್ತೆ ಕಣೇ," ಅಂದಳು. "ಅಷ್ಟು ಚೊಕ್ಕ. ಪಾಪ."

ನಕ್ಕು ನಕ್ಕು ನನ್ನ ಮೂಗಿಗೆ ಸಾರು ಹತ್ತಿತು. ಅಕ್ಟೋಬರಿನಿಂದ ಈಚೆಗೆ ಈ ಮನೆಯಲ್ಲಿ ಯಾರೂ ಮೂಗಿಗೆ ಸಾರು ಹತ್ತಿಸಿಕೊಂಡಿರಲಿಲ್ಲ.

ಮಾರ್ಚ್ 12, ಗುರುವಾರ

ಇತಿಹಾಸಕಾರರೇ, ಕೂತುಕೊಳ್ಳಿ. ನಾನು ಕೂತಿದ್ದೇನೆ.

ಮಿಸೆಸ್ ಪೆಲ್ಟೊ ತಮ್ಮ ಸ್ಲೈಡುಗಳನ್ನು ವಾಪಸು ಒಯ್ಯಲು ಬಂದರು. ಸದಸ್ಯರಲ್ಲೇ ಹಿರಿಯರು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ. ಒಂದನ್ನು ಕಿಟಕಿಗೆ ಹಿಡಿದು ನೋಡಿದರು, ಚೀಟಿ ನೋಡಿದರು, ನನ್ನನ್ನು ನೋಡಿದರು.

"ಮಗಾ, ಇದು ನನ್ನ ಹಾಯಿದೋಣಿ. ಚೀಟೀಲಿ 'ನನ್ನ ತಾಯಿ' ಅಂತಿದೆ. ನಮ್ಮಮ್ಮ ದಪ್ಪಗಿದ್ಲು, ಒಪ್ತೀನಿ. ಆದ್ರೆ ಹಾಯಿ ಕಟ್ಕೊಂಡು ಓಡಾಡ್ತಿರಲಿಲ್ಲ."

ಇಬ್ಬರೂ ನಕ್ಕೆವು. ಅವರ ಇನ್ನೊಂದು ಸ್ಲೈಡು ತೆಗೆದೆವು. ಅದೂ ತಪ್ಪು. ಮತ್ತೊಂದೂ ತಪ್ಪು. ಅವರು ಇನ್ನೂ ನಗುತ್ತಿದ್ದರು, ನಾನು ನಿಲ್ಲಿಸಿದ್ದೆ. ಸರಿಮಾಡಿ ಕೊಡುತ್ತೇನೆಂದು ಅವರನ್ನು ಕಳಿಸಿ ಬಾಗಿಲು ಹಾಕಿಕೊಂಡೆ.

ಆದದ್ದು ಇಷ್ಟು. ಪೆಲ್ಟೊ ಅವರಿಂದ ಶುರುವಾಗುವ ಆ ಹಾಳೆಯಲ್ಲಿ ಮೊದಲನೆಯ ಚೀಟಿಯ ಜಾಗ ಮೊದಲೇ ಖಾಲಿಯಿತ್ತು. ಅರ್ಧ ಬಳಸಿದ ಹಾಳೆ ಎಸೆಯಕೂಡದಲ್ಲವೇ. ಯಂತ್ರಕ್ಕೇನು ಗೊತ್ತು? ಮೊದಲನೆಯ ಹೆಸರನ್ನು ಆ ಖಾಲಿ ಜಾಗದ ನುಣುಪು ಕಾಗದದ ಮೇಲೆ ಅಚ್ಚು ಹಾಕಿದೆ. ನಾನು ಪರಾಕು ಹೇಳುತ್ತ, ನೋಡದೆ, ಎರಡನೆಯ ಚೀಟಿಯನ್ನು ಮೊದಲನೆಯ ಸ್ಲೈಡಿಗೆ ಅಂಟಿಸಿದ್ದೇನೆ, ಮೂರನೆಯದನ್ನು ಎರಡನೆಯದಕ್ಕೆ. ಹಾಳೆ ಮುಗಿಯುವ ತನಕ ಪ್ರತಿಯೊಂದು ಚೀಟಿಯೂ ಒಂದು ಮನೆ ಹಿಂದಕ್ಕೆ ಕೂತಿದೆ. ಕೊನೆಗೆ ಒಂದು ಸ್ಲೈಡು ಬರಿತಲೆಯಲ್ಲಿ ಉಳಿದಿದ್ದು ಅದಕ್ಕೇ. ಬಹುತೇಕ ಒಬ್ಬರದೇ ಚಿತ್ರಗಳ ಹೆಸರು ಅವರೊಳಗೇ ಅದಲುಬದಲಾಗಿದೆ. ಆದರೆ ಒಬ್ಬರು ಮುಗಿದು ಇನ್ನೊಬ್ಬರು ಶುರುವಾಗುವ ಕಡೆ ಹಾಗಲ್ಲ.

ಗೆದ್ದ ಚಿತ್ರದ ಚೀಟಿ ಅತ್ತೆಯ ಮೊದಲನೆಯ ಚೀಟಿ. ಕಪಾಟಿನಿಂದ ಆ ಸ್ಲೈಡನ್ನು ತೆಗೆದೆ. ಕೆಟಲಿನ ಹಬೆಗೆ ಹಿಡಿದು ಉಗುರಿನಿಂದ ಚೀಟಿಯ ಮೂಲೆ ಎತ್ತಿದೆ. ಕೆಳಗೆ ನೀಲಿ ಶಾಯಿ, ಅಚ್ಚುಕಟ್ಟಾದ ಅಕ್ಷರ: ಐ. ರಾಮ್‌ಸ್ಟಾಡ್, ಹೊಲ, ಜನವರಿ.

ಹಲ್ಲಿನ ಡಾಕ್ಟರು.

ಮೂಲೆಯನ್ನು ಮತ್ತೆ ಒತ್ತಿ ಅಂಟಿಸಿದೆ.

ಮಾರ್ಚ್ 13, ಶುಕ್ರವಾರ

ಹೊಗೆ ಬರುತ್ತಿದೆ. ಅತ್ತೆ ಏನೋ ಗುನುಗುತ್ತಿದ್ದಾಳೆ. ನಾನು ಕಾಲೇಜಿಗೆ ಹೋಗಲಿಲ್ಲ.

ಮಾರ್ಚ್ 17, ಮಂಗಳವಾರ

ಮಹಾಮಂತ್ರಿಣಿಯ ಮಂತ್ರಾಲೋಚನಾ ಸಭೆ ಸತತವಾಗಿ ನಡೆದಿದೆ. ಹಾಜರಿದ್ದವರು ನಾನು ಮತ್ತು ಬಾಯ್ಲರು.

ಸುಮ್ಮನಿದ್ದುಬಿಡುವುದು ಎಂದು ಬಾಯ್ಲರು ಸೂಚಿಸಿತು. ಆಗದು. ಇಪ್ಪತ್ತೇಳಕ್ಕೆ ಅತ್ತೆ ಚಿತ್ರವನ್ನು ತಂದುಕೊಡಬೇಕು, ಮರುದಿನ ಉದ್ಘಾಟನೆಗೆ ತೀರ್ಪುಗಾರ್ತಿ ಬಂದು ಅದರ ಮುಂದೆ ನಿಂತು ಮಾತಾಡಬೇಕು. ತಾನು ಆರಿಸಿದ ಹೊಲದ ಬದಲು ಅಲ್ಲಿ ಸರೋವರ ನೇತಾಡುತ್ತಿರುತ್ತದೆ. ಊರೆಲ್ಲ ನೋಡುತ್ತಿರುವಾಗ, ಸಾಸಿವೆ ಬಣ್ಣದ ಕೋಟು ತೊಟ್ಟ ಅತ್ತೆಯ ಎದುರಲ್ಲಿ, "ಇದಲ್ಲ" ಅನ್ನುತ್ತಾಳೆ. ಸ್ಲೈಡನ್ನು ಬಾಯ್ಲರಿಗೆ ಹಾಕುವುದು ಎಂದು ನಾನು ಸೂಚಿಸಿದೆ. ತೀರ್ಪುಗಾರ್ತಿಯ ಕಣ್ಣನ್ನೂ ಬಾಯ್ಲರಿಗೆ ಹಾಕಬೇಕಾಗುತ್ತದೆ. ಗ್ರಂಥಾಲಯಕ್ಕೆ ಬೆಂಕಿ ಹಚ್ಚುವುದನ್ನೂ ಯೋಚಿಸಿದೆ, ತಮಾಷೆಗೆ. ಪೂರ್ತಿ ತಮಾಷೆಗಲ್ಲ.

ಬೋದ್ರಿಯವರ ಹತ್ತಿರ ಸುತ್ತಿಬಳಸಿ ಹೋದೆ. ಎಲ್ಲಾದರೂ, ಯಾವತ್ತಾದರೂ, ಚೀಟಿ ಆಚೀಚೆ ಆಗಿದ್ದರೆ ಏನು ಮಾಡುವುದು ಎಂದು ಕೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತಲಿಲ್ಲ.

"ತಪ್ಪಾಗಬಾರದು ಅಂತ ತಾನೇ ಅಮ್ಮ ಕಂಪ್ಯೂಟರ್ ತಂದಿದ್ದು?"

ಮನೆಗೆ ಬಂದರೆ ಅತ್ತೆ ಬಣ್ಣ ಮೆತ್ತಿದ ಕೈಯಲ್ಲೇ ಬಾಗಿಲು ತೆಗೆದಳು. ಒಳಗೆ ಬಾ, ನಿಂಗೇನೋ ತೋರಿಸಬೇಕು ಎಂದು ಗ್ಯಾರೇಜಿಗೆ ಕರೆದೊಯ್ದಳು. ಹೊಸ ಚಿತ್ರ. ಮಂಜುಗಡ್ಡೆಯೇ, ಆದರೆ ಅದರಲ್ಲೊಂದು ಬಿರುಕು, ಬಿರುಕಿನೊಳಗೆ ಕಪ್ಪು ನೀರು. ಇದನ್ನು ಬರೆಯಲು ಎಲ್ಮಾ ಯಾವಾಗಲೂ ಪೀಡಿಸುತ್ತಿದ್ದಳಂತೆ, ತನಗೆ ಧೈರ್ಯ ಬಂದಿರಲಿಲ್ಲವಂತೆ. ಈಗ ಬಂತು ನೋಡು ಅಂದಳು. ಹೇಗಿದೆ ಎಂದು ಕೇಳಿದಳು. ಏನಾದರೂ ಗೇಲಿ ಮಾಡುತ್ತೇನೆಂದು ಕಾದು ನಿಂತಿದ್ದಳು.

ಇವಳು ಇದನ್ನು ಬೇರೆಯವರ ಬಾಯಿಂದ ಕೇಳಬಾರದು.

ಮಾರ್ಚ್ 21, ಶನಿವಾರ

ಸೌನಾದಲ್ಲಿ ಹೇಳಿದೆ.

ಲೆಕ್ಕ ಹಾಕಿಯೇ ಹೇಳಿದೆ. ಶನಿವಾರ ನಮ್ಮ ಮನೆಗಳಲ್ಲಿ ಸೌನಾ, ಅಂದರೆ ಹಬೆಸ್ನಾನದ ಕೋಣೆ, ಕಾಯಿಸುತ್ತಾರೆ. ಆ ಬಿಸಿ ಕೋಣೆಯೊಳಗೆ ಕೂತಾಗ ಚರ್ಚಿನಲ್ಲಿದ್ದ ಹಾಗೆ ಇರಬೇಕೆಂಬುದು ಅಜ್ಜಿಯ ಕಾಲದ ಕಟ್ಟಲೆ. ದನಿ ಎತ್ತುವಂತಿಲ್ಲ, ಜಗಳ ಕಾಯುವಂತಿಲ್ಲ, ಬೈಗುಳ ಬಾಯಿಗೆ ತರುವಂತಿಲ್ಲ. ಲೆಂಪಿ ಅತ್ತೆ ಜಗತ್ತಿನಲ್ಲಿ ಮುರಿಯದ ಕಟ್ಟಲೆ ಅದೊಂದೇ. ಮೇಲಿನ ಹಲಗೆಯಲ್ಲಿ ಅವಳು, ಕೆಳಗಿನದರಲ್ಲಿ ನಾನು. ಮುಖ ಕಾಣದಷ್ಟು ಮಬ್ಬು. ಇದಕ್ಕಿಂತ ಭದ್ರವಾದ ಕೋಟೆ ನನಗೆಲ್ಲಿ ಸಿಗಬೇಕು?

ಹಾಳೆ, ಖಾಲಿ ಜಾಗ, ಒಂದೊಂದು ಮನೆ ಹಿಂದಕ್ಕೆ ಸರಿದ ಚೀಟಿ, ಕಂಪ್ಯೂಟರಿಗೆ ಗೊತ್ತಾಗದೆ ಹೋದದ್ದು, ಕೆಳಗಿದ್ದ ನೀಲಿ ಶಾಯಿ, ಎಲ್ಲವನ್ನೂ ಕಾಲಿನ ಹೆಬ್ಬೆರಳು ನೋಡುತ್ತ ಹೇಳಿ ಮುಗಿಸಿದೆ.

ಅತ್ತೆ ಬಕೆಟ್ಟಿನಿಂದ ಒಂದು ಸೌಟು ನೀರು ತೆಗೆದು ಕಾದ ಕಲ್ಲುಗಳ ಮೇಲೆ ಎರಚಿದಳು. ಹಬೆ ಬುಸ್ಸೆಂದು ಎದ್ದು ನನ್ನ ಕಿವಿ ಸುಟ್ಟಿತು. ಇನ್ನೊಂದು ಸೌಟು. ಮತ್ತೊಂದು. ಉಸಿರು ಎಳೆದರೆ ಮೂಗಿನೊಳಗೆ ಕೆಂಡ. ದನಿ ಎತ್ತದೆ ಮನುಷ್ಯರನ್ನು ಬೇಯಿಸಬಹುದೆಂದು ಅಜ್ಜಿಯ ಕಟ್ಟಲೆ ಮಾಡಿದವರಿಗೆ ತಿಳಿದಿರಲಿಲ್ಲ. ನಾನು ಹಲ್ಲು ಕಚ್ಚಿ ಕೂತೆ. ಎದ್ದು ಓಡಿದ್ದರೆ ಬಾಗಿಲು ಎರಡು ಹೆಜ್ಜೆ. ಓಡಬಾರದು ಅನ್ನಿಸಿತು.

ಬಕೆಟ್ಟು ಖಾಲಿಯಾದ ಮೇಲೆ ಅವಳು ಮೆಲ್ಲಗೆ ಕೇಳಿದಳು:

"ಯಾವತ್ತು ಗೊತ್ತಾಯ್ತು ನಿಂಗೆ?"

"ಹೋದ ವಾರ. ಗುರುವಾರ."

"ಹಾಗಾದ್ರೆ ಆ ಬಿರುಕಿನ ಚಿತ್ರ ತೋರಿಸಿದಾಗ್ಲೇ ಗೊತ್ತಿತ್ತು."

"ಗೊತ್ತಿತ್ತು ಅತ್ತೆ."

"ಹಂ," ಅಂದಳು. ಟವೆಲು ಸುತ್ತಿಕೊಂಡು ಇಳಿದು ಹೊರಗೆ ಹೋದಳು. ಹಿಮದಲ್ಲಿ ಅವಳ ಬರಿಗಾಲಿನ ಸದ್ದು ಕೇಳಿಸುತ್ತಿತ್ತು.

ಮಾರ್ಚ್ 22, ಭಾನುವಾರ

ಅಡುಗೆಮನೆಯ ಕಿಟಕಿ. ಕಸದ ಡಬ್ಬಿ. ಫ್ರಿಜ್ಜಿನ ಮೇಲಿನ ಕಾಗದ ಇಲ್ಲ.

ಮಾರ್ಚ್ 24, ಮಂಗಳವಾರ

ಬೆಳಿಗ್ಗೆ ಎದ್ದರೆ ಅತ್ತೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಹೊಸ ಕೋಟು ಅಂಗಡಿಯ ಚೀಲಕ್ಕೆ ವಾಪಸು ಹೋಗಿದೆ. ಕಚೇರಿಯಿಂದ ಆ ಗೆದ್ದ ಸ್ಲೈಡನ್ನೂ ತನ್ನ "ಮಂಜುಗಡ್ಡೆ"ಯದನ್ನೂ ತೆಗೆದುಕೊಂಡು ಬಾ, ಡಾಕ್ಟರ ಹತ್ತಿರ ಹೋಗೋಣ ಎಂದಳು. ಫೋನು ಮಾಡಿದರಾಗದೇ ಎಂದೆ. ಇಡೀ ಆಯುಷ್ಯ ಫೋನಿನಲ್ಲಿ ಮಾತಾಡಿಸಿ ಸಾಕಾಗಿದೆ, ಇದು ಮುಖ ನೋಡಿ ಹೇಳುವ ಮಾತು ಎಂದಳು.

ರಾಮ್‌ಸ್ಟಾಡ್ ನಮ್ಮನ್ನು ಕಂಡ ಕೂಡಲೇ ಹಲ್ಲುನೋವೆಂದುಕೊಂಡರು. ಬೇಡಬೇಡವೆಂದರೂ ಅತ್ತೆಯನ್ನು ಆ ಒರಗುವ ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಕಾಗದದ ಬಟ್ಟೆ ಕಟ್ಟಿ, ಲಿವರು ಒತ್ತಿ ಮಲಗಿಸಿಬಿಟ್ಟರು. ಬಾಯಿ ತೆರೆಯಿರಿ ಅಂದರು. ಅತ್ತೆ ಮಲಗಿದಲ್ಲಿಂದಲೇ, ಛಾವಣಿ ನೋಡುತ್ತ ಹೇಳಿದಳು.

"ಡಾಕ್ಟ್ರೇ, ಲೈಬ್ರರಿಗೆ ಆರಿಸಿದ್ದು ನಿಮ್ಮ ಚಿತ್ರ. ನಂದಲ್ಲ. ಚೀಟಿ ತಪ್ಪಾಗಿತ್ತು."

ಅವರು ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. ಗಾಲಿಯ ಸ್ಟೂಲಿನ ಮೇಲೆ ಕುಳಿತರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಮತ್ತೆ ತೆಗೆದರು. ಆಮೇಲೆ ಬಿಡಿಬಿಡಿಯಾಗಿ ಹೇಳಿದ್ದು ಇದು: ತಾವೂ ಅತ್ತೆಯಷ್ಟೇ ವರ್ಷಗಳಿಂದ ಕಳಿಸುತ್ತಿದ್ದಾರೆ, ಈ ಸಲವೂ ಆಯ್ಕೆಯಾಗದಿದ್ದರೆ ಬಣ್ಣದ ಪೆಟ್ಟಿಗೆಯನ್ನು ಮೊಮ್ಮಗಳಿಗೆ ಕೊಟ್ಟುಬಿಡುವುದೆಂದಿದ್ದರು, ಹೋದ ವಾರ ಕೊಟ್ಟೂ ಆಯಿತು. ಆದರೆ ಊರಿಗೆಲ್ಲ ಅತ್ತೆಯ ಹೆಸರು ಗೊತ್ತಾಗಿದೆ, ಪತ್ರಿಕೆಯಲ್ಲೂ ಬಂದಿದೆ. ಹೀಗೇ ಇರಲಿ, ಲೆಂಪಿಯವರ ಚಿತ್ರವನ್ನೇ ಹಾಕಲಿ, ತೀರ್ಪುಗಾರ್ತಿಗೆ ನಾನೇ ಹೇಳಿ ಒಪ್ಪಿಸುತ್ತೇನೆ ಅಂದರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯನಾಗಿರದಿದ್ದರೆ ಚೆನ್ನಾಗಿತ್ತೆಂದು ನನಗೆ ಕೋಪ ಬಂತು.

"ಈ ಕುರ್ಚಿ ಎತ್ತಿ," ಅಂದಳು ಅತ್ತೆ. "ಮಲಗಿಸಿಕೊಂಡು ದಾನ ಕೊಡ್ಬೇಡಿ."

ಕುರ್ಚಿ ಎದ್ದಿತು. ಅವಳು ನನ್ನ ಕಡೆ ಕೈಚಾಚಿದಳು. ಎರಡೂ ಸ್ಲೈಡು ಕೊಟ್ಟೆ. ಗೋಡೆಯ ಮೇಲೆ ಹಲ್ಲಿನ ಎಕ್ಸ್‌ರೇ ನೋಡುವ ದೀಪದ ಹಲಗೆಯಿತ್ತು. ಯಾರದೋ ದವಡೆಯನ್ನು ಪಕ್ಕಕ್ಕೆ ಸರಿಸಿ, ಎರಡನ್ನೂ ಅಕ್ಕಪಕ್ಕ ಸಿಕ್ಕಿಸಿದಳು. ವೈದ್ಯರು ತಮ್ಮ ಭೂತಗನ್ನಡಿ ಕೊಟ್ಟರು. ಅವಳು ತನ್ನದನ್ನು ನೋಡಲೇ ಇಲ್ಲ. ಅವರ ಹೊಲವನ್ನು ನೋಡಿದಳು. ಮೂಗು ಗಾಜಿಗೆ ತಾಗುವಷ್ಟು ಬಾಗಿ, ಬಹಳ ಹೊತ್ತು ನೋಡಿದಳು. ಹೊರಗೆ ಕಾಯುತ್ತಿದ್ದ ರೋಗಿ ಎರಡು ಸಲ ಕೆಮ್ಮಿದ.

ಕೊನೆಗೆ ನೆಟ್ಟಗಾದಳು. ಕೊರಳ ಕಾಗದ ಬಿಚ್ಚಿ ಮಡಿಸಿ ಅವರ ಕೈಗಿಟ್ಟಳು.

"ಚೆನ್ನಾಗಿದೆ," ಅಂದಳು. "ಕೆಟ್ಟದಾಗಿದ್ದಿದ್ರೆ ನಂಗೆ ಸುಲಭ ಆಗ್ತಿತ್ತು. ಚೆನ್ನಾಗಿದೆ. ಮೊಮ್ಮಗಳ ಹತ್ರ ಹೋಗಿ ಪೆಟ್ಟಿಗೆ ವಾಪಸ್ ಇಸ್ಕೊಳ್ಳಿ."

ವೈದ್ಯರು ಗೋಡೆಯ ಕಡೆ ತಿರುಗಿದರು. ಅವರ ಬಿಳಿ ಕೋಟಿನ ಭುಜ ಅಲುಗುತ್ತಿತ್ತು. ನಾನು ನೋಡದವಳಂತೆ ಹಲ್ಲುಜ್ಜುವ ವಿಧಾನದ ಪಟ ಓದಿದೆ, ಮೇಲಿನಿಂದ ಕೆಳಕ್ಕೆ, ಎರಡು ಸಲ.

ಹಿಂದಿರುಗುವಾಗ ಅತ್ತೆಗೆ ಕಾಲು ಜಾರಿತು. ಅವಳ ತೋಳು ಹಿಡಿದುಕೊಂಡೆ. ಬಿಡು ಅನ್ನಲಿಲ್ಲ.

ಮಾರ್ಚ್ 28, ಶನಿವಾರ

ಉದ್ಘಾಟನೆಗೆ ನಾವು ಹೋಗುವುದಿಲ್ಲವೆಂದುಕೊಂಡಿದ್ದೆ. ಅತ್ತೆ ಹಳೆಯ ಕೋಟು ತೊಟ್ಟು, ಮೇಲೆ ಉಣ್ಣೆಯ ಶಾಲು ಸುತ್ತಿಕೊಂಡು ಹೊರಟೇಬಿಟ್ಟಳು. ಮನೆಯಲ್ಲಿ ಕೂತರೆ ಸತ್ತೆನೆಂದುಕೊಳ್ಳುತ್ತಾರೆ ಅಂದಳು.

ರಾಮ್‌ಸ್ಟಾಡರ "ಹೊಲ, ಜನವರಿ" ಮುಂಬಾಗಿಲ ಗೋಡೆಯಲ್ಲಿತ್ತು. ಬೋದ್ರಿ ಗಂಟಲು ಸರಿಮಾಡಿಕೊಂಡು, ನಾನು ಮೊದಲೇ ತಿಳಿಸಿದ್ದ ಹಾಗೆ, ಕಂಪ್ಯೂಟರಿನ ದೋಷದಿಂದ ಹೆಸರಿನಲ್ಲಿ ಸಣ್ಣ ಗೊಂದಲವಾಗಿತ್ತೆಂದು ಪ್ರಕಟಿಸಿದರು. ಎಲ್ಲರೂ ತಲೆಯಾಡಿಸಿದರು. ಕಂಪ್ಯೂಟರೆಂದರೆ ಹಾಗೇ ಎಂದು ಒಬ್ಬರು, ತನ್ನ ಭಾವಮೈದುನನಿಗೆ ಅದು ಎರಡು ಸಲ ಸತ್ತನೆಂದು ಪತ್ರ ಕಳಿಸಿತ್ತೆಂದು ಇನ್ನೊಬ್ಬರು. ಆ ಕಂಪ್ಯೂಟರನ್ನು ನಡೆಸಿದ್ದು ಯಾರೆಂದು ಯಾರೂ ಕೇಳಲಿಲ್ಲ. ಕೇಳಲಿ ಎಂದು ಮುಂದಿನ ಸಾಲಿನಲ್ಲೇ ನಿಂತಿದ್ದೆ.

ಜನ ಅತ್ತೆಯನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಮನೆಯಲ್ಲಿ ಕಾಯಿಲೆಯವರಿದ್ದಾಗ ಮಾಡುತ್ತಾರಲ್ಲ ಹಾಗೆ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕಾಫಿ ಕುಡಿದಳು, ಎರಡು ತುಂಡು ಕೇಕು ತಿಂದಳು, ವೈದ್ಯರ ಹೆಂಡತಿಯ ಕೈ ಕುಲುಕಿದಳು. ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯ ಕಡೆ ತಿರುಗಿ ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ. ಸಮಾಧಾನ ಹೇಳಲು ಬಾರದು ನನಗೆ, ಇದುವರೆಗೆ ಕಲಿತದ್ದು ಗೇಲಿ ಒಂದೇ. ನಮ್ಮ ನಿಲ್ದಾಣ ದಾಟಿಹೋಯಿತು. ನಾನು ಗಂಟೆಯ ಹಗ್ಗ ಎಳೆಯಲಿಲ್ಲ. ಬಸ್ಸು ಕೊನೆಯವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಅವಳಿಗೆ ಮುಗಿದಿತ್ತು.

ಮಾರ್ಚ್ 30, ಸೋಮವಾರ

ಬೆಳಗ್ಗೆ ಗಂಜಿ ತಿರುವುತ್ತ ಅತ್ತೆ ಇದ್ದಕ್ಕಿದ್ದಂತೆ ಮಾತಾಡಿದಳು.

"ಆ ಡಾಕ್ಟ್ರು ಬಿಳಿಯೊಳಗೆ ಹಳದಿ ಸೇರಿಸಿದಾನೆ. ನೋಡಿದ್ಯಾ? ಇಷ್ಟೇ ಇಷ್ಟು. ಹಲ್ಲು ನೋಡಿ ನೋಡಿ ಕಲ್ತಿರ್ಬೇಕು, ಯಾವ ಹಲ್ಲೂ ಪೂರ್ತಿ ಬಿಳಿ ಇರಲ್ವಲ್ಲ."

ನಾನು ನೋಡಿಲ್ಲವೆಂದೆ. ಇನ್ನು ಮೇಲೆ ನೋಡು ಎಂದಳು. ಗಂಜಿ ಅರ್ಧ ತಿಂದು ಗ್ಯಾರೇಜಿಗೆ ಹೋದಳು. ಹೊಗೆ ಬರಲಿಲ್ಲ. ಇಣುಕಿ ನೋಡಿದೆ. ಶಾಲು ಹೊದ್ದು ಆ ಬಿರುಕಿನ ಚಿತ್ರದ ಎದುರು ಸುಮ್ಮನೆ ಕೂತಿದ್ದಳು. ಕುಂಚ ಹಿಡಿದಿರಲಿಲ್ಲ. ಹಿಡಿಯುತ್ತಾಳೋ ಇಲ್ಲವೋ ತಿಳಿಯದು. ಒಂದು ತೆಕ್ಕೆ ಸೌದೆ ತಂದು ಬಾಗಿಲ ಹತ್ತಿರ ಸದ್ದಾಗದಂತೆ ಇಟ್ಟು ಬಂದೆ.

ಕಚೇರಿಯಲ್ಲಿ ಪೆಲ್ಟೊ ಅವರಿಂದ ಹಿಡಿದು ಆ ಹಾಳೆಯ ಸ್ಲೈಡುಗಳ ಚೀಟಿಗಳನ್ನೆಲ್ಲ ಹಬೆ ಹಿಡಿದು ಬಿಡಿಸಿದೆ. ಹೊಸದಾಗಿ ಅಚ್ಚು ಹಾಕಿದೆ. ಅಂಟಿಸುವ ಮುಂಚೆ ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸಂಜೆಯಾದರೂ ಮುಗಿಯಲಿಲ್ಲ. ಮಿಸೆಸ್ ಪೆಲ್ಟೊ ಅವರ ತಾಯಿಯ ಚಿತ್ರ ಎಷ್ಟು ಚೆನ್ನಾಗಿದೆ. ರೋಸ್ಕೊನ ನಾಯಿಗೆ ವಯಸ್ಸಾಗುತ್ತಿದೆ, ಒಂದರಿಂದ ಹತ್ತರವರೆಗೆ. ಬೋದ್ರಿ ಬಾಗಿಲಲ್ಲಿ ನಿಂತು, ಯಾಕಮ್ಮ ಇಷ್ಟು ನಿಧಾನ, ಮೊದಲ ಸಲ ಒಂದೇ ಮಧ್ಯಾಹ್ನ ಮುಗಿಸಿದ್ದೆಯಲ್ಲ ಎಂದರು. ಯಂತ್ರ ಕೆಟ್ಟಿದೆ ಎಂದೆ. ಕೆಟ್ಟಿರಲಿಲ್ಲ.

ಆದರಣೀಯ ಇತಿಹಾಸಕಾರರೇ, ಇಷ್ಟು ಬರೆದು ಮುಗಿಸಬಹುದಿತ್ತು. ಎಲ್ಲರಿಗೂ ಒಪ್ಪಿಗೆಯಾಗುವ ಕಥೆ: ತಪ್ಪು ಕಂಪ್ಯೂಟರಿನದು, ಹಾಳೆಯಲ್ಲಿ ಮೊದಲನೆಯ ಚೀಟಿ ಹೇಗೋ ಇರಲಿಲ್ಲ. ಬೋದ್ರಿಗೂ ಹಾಗೇ ಹೇಳಿದ್ದೇನೆ, ಸೌನಾದಲ್ಲಿ ಕೂತು ಅತ್ತೆಗೂ ಹಾಗೇ ಹೇಳಿದ್ದೇನೆ.

ಆ ಚೀಟಿ ಹೇಗೋ ಇಲ್ಲದೆ ಹೋದದ್ದಲ್ಲ. ಕೆಲಸಕ್ಕೆ ಸೇರಿದ ದಿನವೇ, ಯಂತ್ರ ಹೇಗೆ ನಡೆಯುತ್ತದೆಂದು ನೋಡಲು, ಅದರ ಮೇಲೆ "ಲೆಂಪಿ ರೌಟಿಯೊ, ಶೀರ್ಷಿಕೆಯಿಲ್ಲ, ಮಿಶ್ರ ಮಾಧ್ಯಮ, ಮಾರಾಟಕ್ಕಿಲ್ಲ" ಎಂದು ಅಚ್ಚು ಹಾಕಿ, ಮನೆಗೆ ಹೋಗಿ ಅತ್ತೆಯ ಹಳೆಯ ಕೋಟಿನ ಬೆನ್ನಿಗೆ ಅಂಟಿಸಿದ್ದೆ. ಶಾಲಿನ ಕೆಳಗೆ ಅದು ಈಗಲೂ ಅಲ್ಲೇ ಇದೆ. ನಿನ್ನೆ ಕೀಳಲು ನೋಡಿದೆ, ಬರಲಿಲ್ಲ.